ಓದಿದ ಹುಡುಗಿ ಮುಂದೆ ನಿಲ್ಲಬೇಡವೇ?

ಹೆಣ್ಣುಮಕ್ಕಳ ವಿದ್ಯೆಯ ಮಟ್ಟಿಗೆ ಮಂಗಳೂರು ಬಡ ಊರಲ್ಲ. 1870ರಲ್ಲೇ ಕಾರ್ಮೆಲ್ ಸಭೆಯ ಸಂನ್ಯಾಸಿನಿಯರು ಕಡಲು ದಾಟಿ ಬಂದು ಇಲ್ಲಿ ಹುಡುಗಿಯರಿಗೆ ಅಕ್ಷರ ಕಲಿಸಲು ತೊಡಗಿದ್ದರು. 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾಯಿತು. 2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡ ಜಿಲ್ಲೆಯ ಹೆಂಗಸರಲ್ಲಿ ನೂರಕ್ಕೆ 84 ಮಂದಿ ಅಕ್ಷರಸ್ಥರು. ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಪತ್ರಿಕೆ ಬಿಡಿಸಿದರೆ ಸಾಲು ಸಾಲಾಗಿ ನಗುವ ಹುಡುಗಿಯರ ಮುಖ ಕಾಣದಿರುವ ವರ್ಷವೇ ಇಲ್ಲ. ತಂದೆ ತಾಯಿಗಳಿಗೆ ಹೆಮ್ಮೆ, ಶಾಲೆಗೂ ಹೆಮ್ಮೆ.

ಇನ್ನೊಂದು ಲೆಕ್ಕವನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಿಂದ 2024ರ ಚುನಾವಣೆಯವರೆಗೆ ಮಂಗಳೂರನ್ನು ಒಳಗೊಂಡ ಲೋಕಸಭಾ ಕ್ಷೇತ್ರದಿಂದ ಒಬ್ಬಳೇ ಒಬ್ಬ ಹೆಂಗಸೂ ಆರಿಸಿ ಹೋಗಿಲ್ಲ. ಓದಿನಲ್ಲಿ ಮುಂದಿನ ಬೆಂಚು, ಊರಿನ ಆಗುಹೋಗುಗಳನ್ನು ನಿರ್ಧರಿಸುವಾಗ ಹಿಂದಿನ ಬೆಂಚು! ಇದು ಯಾಕೆ ಹೀಗೆ?

ಈ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳ ಹಿಂದೆಯೇ ಕೇಳಿ, ಬದುಕಿನಿಂದಲೇ ಉತ್ತರ ಕೊಟ್ಟವರು ಇದೇ ಮಂಗಳೂರಿನ ಮಗಳು, ಕಮಲಾದೇವಿ ಚಟ್ಟೋಪಾಧ್ಯಾಯ. ಇಂದಿನ ಮಕ್ಕಳಿಗೆ ಅವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕದ ಒಂದು ಸಾಲು. ಕರಕುಶಲ ಕಲೆಗಳನ್ನು ಉಳಿಸಿದವರು ಎಂದಷ್ಟೇ ಗೊತ್ತು. ಆದರೆ ಹೆಣ್ಣು ಕಲಿಯಬೇಕು ಮಾತ್ರವಲ್ಲ, ಕಲಿತದ್ದನ್ನು ಹಿಡಿದು ಹತ್ತು ಜನರ ಮುಂದೆ ನಿಲ್ಲಬೇಕು ಎಂದು ಹೇಳಿ, ಹೇಳಿದ ಹಾಗೆ ನಿಂತು ತೋರಿಸಿದವರು ಅವರು.

ಮೊದಲ ಪಾಠ ಮನೆಯಲ್ಲಿ

ಕಮಲಾದೇವಿ ಹುಟ್ಟಿದ್ದು 1903ರ ಎಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಶಾಲೆಗಿಂತ ಹೆಚ್ಚಾಗಿ ಮನೆಯಲ್ಲೇ ಓದಿ ಬೆಳೆದವರು. ಅಜ್ಜಿಯೂ ಪುರಾಣ, ಶಾಸ್ತ್ರ ಬಲ್ಲವರು. ಹೆಂಗಸರು ಪುಸ್ತಕ ಹಿಡಿಯುವುದು ಆ ಮನೆಯಲ್ಲಿ ಸೋಜಿಗದ ಸಂಗತಿಯಾಗಿರಲಿಲ್ಲ.

ಹುಡುಗಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿ ಮತ್ತು ಹೆಣ್ಣುಮಕ್ಕಳಿಗೆ ತಿಂಗಳಿಗಿಷ್ಟು ಎಂದು ಜೀವನಾಂಶ ಕೊಡುವುದಾಗಿ ಹೇಳಿದರು. ಗಿರಿಜಾಬಾಯಿ ಅದನ್ನು ಬೇಡವೆಂದರು. ತವರಿನಿಂದ ಬಂದ ತಮ್ಮದೇ ಸ್ತ್ರೀಧನದ ಬಲದಿಂದ ಮಕ್ಕಳನ್ನು ಬೆಳೆಸಲು ಹೊರಟರು.

ಇದರ ಭಾರ ಎಷ್ಟೆಂದು ತುಳುನಾಡಿನವರಿಗೆ ಬೇಗ ತಿಳಿಯುತ್ತದೆ. ಅದೇ ಊರಿನ ಬಂಟರು, ಬಿಲ್ಲವರು, ಮೊಗವೀರರಲ್ಲಿ ಅಳಿಯಕಟ್ಟು ನಡೆಯುತ್ತಿತ್ತು. ಕುಟುಂಬದ ಆಸ್ತಿ ಹೆಣ್ಣಿನ ಸಂತಾನದ ಕಡೆಯಿಂದ ಇಳಿದು ಬರುತ್ತಿತ್ತು. ಅಲ್ಲಿಯೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ ಎಂಬುದು ನಿಜ. ಆದರೂ ಗಂಡ ಸತ್ತರೆ ಹೆಂಗಸಿಗೆ ನೆಲೆ ತಪ್ಪುತ್ತಿರಲಿಲ್ಲ. ಕುಟುಂಬದ ಮನೆಯಲ್ಲಿ ಅವಳಿಗೊಂದು ಹಕ್ಕಿನ ಜಾಗವಿತ್ತು. ಮಕ್ಕಳಕಟ್ಟಿನ ಮನೆಗಳಲ್ಲಿ ಹಾಗಿಲ್ಲ. ಅಲ್ಲಿ 'ಮಕ್ಕಳು' ಎಂದರೆ ಗಂಡುಮಕ್ಕಳು. ಕಾನೂನು ಹೆಣ್ಣಿನ ಕೈಗೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬ ಪಾಠ ಕಮಲಾದೇವಿಗೆ ಏಳನೆಯ ವಯಸ್ಸಿಗೇ ಆಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಹಕ್ಕು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ ಎಂಬುದನ್ನು ನೆನೆದರೆ, ಅದು ಎಷ್ಟು ಹಳೆಯ ಗಾಯ ಎಂದು ತಿಳಿಯುತ್ತದೆ.

ಕಷ್ಟ ಅಷ್ಟಕ್ಕೆ ಮುಗಿಯಲಿಲ್ಲ. ಅಕ್ಕ ಸಗುಣಾ ಎಳೆಯ ವಯಸ್ಸಿನಲ್ಲಿ ಮದುವೆಯಾಗಿ, ಸ್ವಲ್ಪ ಕಾಲದಲ್ಲೇ ತೀರಿಕೊಂಡಳು. ಕಮಲಾದೇವಿಗೂ ಬಾಲ್ಯದಲ್ಲೇ ಮದುವೆಯಾಯಿತು. ಅಲ್ಪಕಾಲದಲ್ಲೇ ವೈಧವ್ಯ ಬಂತು. ಬಾಲವಿಧವೆಯನ್ನು ಮೂಲೆಗೆ ಕೂರಿಸಿ, ಬಾಗಿಲು ಮುಚ್ಚುತ್ತಿದ್ದ ಕಾಲ ಅದು. ಗಿರಿಜಾಬಾಯಿ ಮಗಳ ಕೈಗೆ ಮತ್ತೆ ಪುಸ್ತಕ ಕೊಟ್ಟರು. ಊರಿನ ಮಾತಿಗೆ ಕಿವಿಗೊಡದೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಓದಲು ಕಳಿಸಿದರು. ಅಲ್ಲಿ ಸರೋಜಿನಿ ನಾಯಿಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಅವರ ಅಣ್ಣ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಹರೀಂದ್ರನಾಥರನ್ನು ಕಮಲಾದೇವಿ ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರೊಡನೆ. ಸಂಪ್ರದಾಯಸ್ಥರಿಗೆ ಸಿಟ್ಟು ಬಂತು. ಮುಂದೆ ಆ ದಾಂಪತ್ಯವೂ ಮುರಿಯಿತು. ಆದರೆ ಆ ಹೊತ್ತಿಗೆ ಅವರು ಇನ್ನೊಬ್ಬರ ಹೆಸರಿನ ನೆರಳಿನಲ್ಲಿ ಬದುಕುವ ಹೆಂಗಸಾಗಿ ಉಳಿದಿರಲಿಲ್ಲ. ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದ್ದರು. ಅಸಹಕಾರ ಚಳವಳಿಯ ಕರೆ ಕೇಳಿ ದೇಶಕ್ಕೆ ಹಿಂತಿರುಗಿದ್ದರು.

1926ರ ಆ ಚುನಾವಣೆ

ಇಲ್ಲಿ ಇನ್ನೊಬ್ಬ ಹೆಂಗಸಿನ ಹೆಸರು ಹೇಳಲೇಬೇಕು. ಐರ್ಲೆಂಡಿನಿಂದ ಬಂದ ಮಾರ್ಗರೆಟ್ ಕಸಿನ್ಸ್. ತಮ್ಮ ದೇಶದಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡವರು. ಮಂಗಳೂರಿಗೂ ಅವರಿಗೂ ನಂಟಿದೆ: 1919-20ರಲ್ಲಿ ಇಲ್ಲಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. 1917ರಲ್ಲಿ ಸರೋಜಿನಿ ನಾಯಿಡು ಅವರ ನೇತೃತ್ವದಲ್ಲಿ ಭಾರತದ ಹೆಂಗಸರ ನಿಯೋಗವೊಂದು ಮದರಾಸಿನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗ್ಯೂ ಅವರನ್ನು ಕಂಡು ಮತದಾನದ ಹಕ್ಕು ಕೇಳಿತಲ್ಲ, ಅದನ್ನು ಏರ್ಪಡಿಸುವಲ್ಲಿ ಕಸಿನ್ಸ್ ಅವರ ಕೈ ಇತ್ತು.

1921ರಲ್ಲಿ ಮದರಾಸು ಪ್ರಾಂತ ಹೆಂಗಸರಿಗೆ ಮತ ಹಾಕುವ ಹಕ್ಕು ಕೊಟ್ಟಿತು. ಪ್ರಾಂತಗಳಲ್ಲಿ ಅದೇ ಮೊದಲು. ಎಲ್ಲರಿಗೂ ಅಲ್ಲ, ಆಸ್ತಿ, ತೆರಿಗೆಯ ಅರ್ಹತೆ ಇದ್ದ ಕೆಲವರಿಗೆ ಮಾತ್ರ. ಆದರೆ ಮತ ಹಾಕಬಹುದು, ಚುನಾವಣೆಗೆ ನಿಲ್ಲುವಂತಿಲ್ಲ! ಆ ಬಾಗಿಲು ತೆರೆದದ್ದು 1926ರಲ್ಲಿ. ತೆರೆದ ಬಾಗಿಲಿನಿಂದ ಒಳಗೆ ಕಾಲಿಡಲು ಯಾರಾದರೂ ಮುಂದೆ ಬರಬೇಕಲ್ಲ? ಕಸಿನ್ಸ್ ಅವರ ಒತ್ತಾಸೆಯಿಂದ 23 ವರ್ಷದ ಕಮಲಾದೇವಿ ಮದರಾಸು ಶಾಸನ ಪರಿಷತ್ತಿನ ಸ್ಥಾನಕ್ಕೆ ತಮ್ಮ ಹುಟ್ಟೂರಿನ ಕಡೆಯಿಂದಲೇ ಉಮೇದುವಾರಿಕೆ ಸಲ್ಲಿಸಿದರು. ಭಾರತದಲ್ಲಿ ಶಾಸನ ಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂದು ಚರಿತ್ರೆಯ ಪುಸ್ತಕಗಳು ನೆನೆಯುವುದು ಅವರನ್ನೇ.

ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಮತದಾರರಲ್ಲಿ ಬಹುಪಾಲು ಗಂಡಸರು. ಹೆಣ್ಣೊಬ್ಬಳು ವೇದಿಕೆಯ ಮೇಲೆ ನಿಂತು ತನಗೆ ಮತ ಕೊಡಿ ಎಂದು ಕೇಳುವುದನ್ನು ಊರು ಅದುವರೆಗೆ ಕಂಡಿರಲಿಲ್ಲ. ಕಮಲಾದೇವಿ ಸೋತರು, ಆದರೆ ಅಲ್ಪ ಅಂತರದಿಂದ ಸೋತರು. ಅಂದರೆ ಅಂದಿನ ದಕ್ಷಿಣ ಕನ್ನಡದ ಗಂಡಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಬ್ಬ ಯುವತಿಗೆ ಮತ ಹಾಕಿದ್ದರು ಎಂದೇ ಅರ್ಥ. ಆಗದು ಎಂದು ಎಲ್ಲರೂ ನಂಬಿದ್ದ ಕೆಲಸ ಆಗಬಹುದಾದ ಕೆಲಸ ಎಂದು ಆ ಸೋಲು ತೋರಿಸಿತು. ಮರುವರ್ಷವೇ ಡಾ. ಮುತ್ತುಲಕ್ಷ್ಮಿ ರೆಡ್ಡಿ ನಾಮಕರಣಗೊಂಡು ಅದೇ ಪರಿಷತ್ತಿಗೆ ಬಂದರು. ಅದರ ಉಪಾಧ್ಯಕ್ಷೆಯೂ ಆದರು.

ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾದರೆ ಮನೆಯಲ್ಲಿ ಶೋಕ ಆಚರಿಸುವ ಈ ಕಾಲದಲ್ಲಿ 1926ರ ಸೋಲನ್ನು ಮಕ್ಕಳಿಗೆ ಹೇಳಬೇಕು. ಗೆದ್ದ ಉಮೇದುವಾರನ ಹೆಸರು ಇಂದು ಎಷ್ಟು ಮಂದಿಗೆ ನೆನಪಿದೆ?

ವಿದ್ಯೆಗಾಗಿ ಒಂದು ಪರಿಷತ್ತು

1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಮೊದಲ ಅಧಿವೇಶನ ನಡೆಯಿತು. ಹುಡುಗಿಯರ ಶಿಕ್ಷಣ ಹೇಗಿರಬೇಕೆಂದು ಹೆಂಗಸರೇ ಕೂಡಿ ಹೇಳಲಿ ಎಂಬುದು ಅದರ ಮೂಲ ಉದ್ದೇಶ. ಕಸಿನ್ಸ್ ಕಾಗದ ಬರೆದು ಬರೆದು ಎಲ್ಲರನ್ನೂ ಸೇರಿಸಿದ್ದರು. ಸಂಘಟನಾ ಕಾರ್ಯದರ್ಶಿಯ ಹೊಣೆ ಕಮಲಾದೇವಿಯವರ ಹೆಗಲೇರಿತು. ಊರೂರು ತಿರುಗಿ ಶಾಖೆ ಕಟ್ಟುವ ಕೆಲಸ. ಮುಂದೆ ಅವರು ಅದರ ಅಧ್ಯಕ್ಷೆಯೂ ಆದರು.

ಶಿಕ್ಷಣದ ಮಾತಿಗೆ ಕೂತ ಹೆಂಗಸರು ಬೇಗನೆ ಒಂದು ಸತ್ಯವನ್ನು ಕಂಡುಕೊಂಡರು. ಹತ್ತು ಹನ್ನೆರಡನೆಯ ವಯಸ್ಸಿಗೆ ಮದುವೆ ಮಾಡಿ ಕಳಿಸಿದರೆ ಹುಡುಗಿ ಶಾಲೆಗೆ ಹೋಗುವುದೆಂದು? ಶಾಲೆ ಕಟ್ಟಿದರೆ ಸಾಲದು, ಶಾಲೆಗೆ ಬರುವ ಬಾಲ್ಯವನ್ನೂ ಉಳಿಸಬೇಕು. ಹೀಗಾಗಿ ಪರಿಷತ್ತು ಬಾಲ್ಯವಿವಾಹ ತಡೆಗೆ ದನಿ ಎತ್ತಿತು. 1929ರಲ್ಲಿ ಶಾರದಾ ಕಾಯಿದೆ ಬಂದು ಹುಡುಗಿಯರ ಮದುವೆಯ ಕನಿಷ್ಠ ವಯಸ್ಸು 14 ಎಂದಾಯಿತು. ಇಂದಿನ ಕಣ್ಣಿಗೆ ಅದು ತೀರಾ ಕಡಿಮೆ; ಅಂದು ಅಷ್ಟಕ್ಕೂ ದೊಡ್ಡ ವಿರೋಧವಿತ್ತು. ಬಾಲ್ಯವಿವಾಹದ ಬಿಸಿಯನ್ನು ಅಕ್ಕನ ಬದುಕಿನಲ್ಲೂ ತಮ್ಮ ಬದುಕಿನಲ್ಲೂ ಕಂಡಿದ್ದ ಕಮಲಾದೇವಿಗೆ ಇದು ಪುಸ್ತಕದ ವಾದವಾಗಿರಲಿಲ್ಲ. 1932ರಲ್ಲಿ ದಿಲ್ಲಿಯಲ್ಲಿ ಆರಂಭವಾದ ಲೇಡಿ ಇರ್ವಿನ್ ಕಾಲೇಜು ಇದೇ ಮಹಿಳಾ ಪರಿಷತ್ತಿನ ಶ್ರಮದ ಫಲ. ಅದು ಇಂದಿಗೂ ನಡೆಯುತ್ತಿದೆ.

ಉಪ್ಪು, ರಂಗ, ರೈಲು

1930ರ ಮಾರ್ಚ್‌ನಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ಅವರ ಜತೆ ನಡೆಯಲು ಆರಿಸಿದ ಸತ್ಯಾಗ್ರಹಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರಿಗೆ ಖಾದಿ ಪ್ರಚಾರ, ಮದ್ಯದಂಗಡಿಯ ಮುಂದೆ ಪಿಕೆಟಿಂಗ್ ಸಾಕು ಎಂಬುದು ಅವರ ಎಣಿಕೆ. ಕಮಲಾದೇವಿ ಹೋಗಿ ವಾದಿಸಿದರು. ಉಪ್ಪು ಅಡುಗೆಮನೆಯದು, ಅದರ ಹೋರಾಟದಿಂದ ಹೆಂಗಸರನ್ನು ಹೊರಗಿಡುವುದು ಹೇಗೆ ಸರಿ? ಗಾಂಧೀಜಿ ಒಪ್ಪಿದರು. ಮುಂಬಯಿಯಲ್ಲಿ ಕಾನೂನು ಮುರಿದು ಉಪ್ಪು ಮಾಡಿದ ಮೊದಲ ತಂಡದಲ್ಲಿ ಕಮಲಾದೇವಿ ಇದ್ದರು. ಷೇರು ಪೇಟೆಗೂ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು. ಬಂಧನವಾಯಿತು, ಸೆರೆಮನೆಯಾಯಿತು. ಆ ವರ್ಷ ಸಾವಿರಾರು ಹೆಂಗಸರು ಬೀದಿಗಿಳಿದರು. ದೊಡ್ಡವರು ಹೇಳಿದ್ದನ್ನು ಗೌರವದಿಂದ ಕೇಳಬೇಕು. ಸರಿಯಲ್ಲವೆಂದು ಕಂಡಾಗ ಗೌರವದಿಂದಲೇ ಎದುರು ಮಾತಾಡಬೇಕು. ಆ ಎರಡೂ ಅವರಿಗೆ ಗೊತ್ತಿತ್ತು.

ಮಾನವಂತ ಮನೆಯ ಹೆಂಗಸರು ಬಣ್ಣ ಹಚ್ಚಬಾರದೆಂಬ ಕಾಲದಲ್ಲಿ ಅವರು ರಂಗಭೂಮಿಗೂ ಬಂದರು. 1931ರ 'ಮೃಚ್ಛಕಟಿಕ' ಎಂಬ ಮೂಕಿ ಚಿತ್ರದಲ್ಲಿ ನಟಿಸಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಪ್ರವಾಸ ಮಾಡುತ್ತಿದ್ದಾಗ ನಡೆದ ಸಂಗತಿಯೊಂದನ್ನು ಬೇರೆಯಾಗಿ ಹೇಳಬೇಕು. ದಕ್ಷಿಣದ ಲೂಸಿಯಾನಾ ರಾಜ್ಯದ ರೈಲು. ಬಿಳಿಯರಿಗೆ ಮೀಸಲಾದ ಬೋಗಿಯಲ್ಲಿ ಕುಳಿತಿದ್ದ ಕಮಲಾದೇವಿಯನ್ನು ಟಿಕೇಟು ತನಿಖೆಯವನು ಎದ್ದು ಹೋಗುವಂತೆ ಹೇಳಿದ. ಅವರು ಏಳಲಿಲ್ಲ. ಇವರು ಅಮೆರಿಕದ ಕರಿಯ ಮಹಿಳೆಯಲ್ಲ, ಹೊರದೇಶದವರು ಎಂದು ತಿಳಿದ ಮೇಲೆ ಅವನ ದನಿ ಮೆತ್ತಗಾಯಿತು. ನಾನು ಭಾರತದವಳು ಎಂದು ಹೇಳಿ ಅಲ್ಲಿಗೇ ಪಾರಾಗಬಹುದಿತ್ತು. ಕಮಲಾದೇವಿ ಹಾಗೆ ಮಾಡದೆ, ತಾನೂ ಕಪ್ಪು ಬಣ್ಣದವಳೇ ಎಂದು ತಿಳಿಸಿ ಅಲ್ಲೇ ಕುಳಿತರು. ಆಫ್ರಿಕಾ ಮೂಲದ ಅಕ್ಕತಂಗಿಯರಿಗೆ ಇಲ್ಲದ ರಿಯಾಯಿತಿ ತನಗೂ ಬೇಡ ಎಂಬುದು ಅದರ ತಾತ್ಪರ್ಯ. ನಾಯಕತ್ವವೆಂದರೆ ತನಗೊಂದು ಒಳ್ಳೆಯ ಜಾಗ ಹಿಡಿಯುವುದಲ್ಲ ಎಂದು ತಿಳಿಯಲು ಇಷ್ಟು ಸಾಕು.

ಒಂದೇ ಊರು, ಎರಡು ದಾರಿ

ಅದೇ ತಲೆಮಾರಿನಲ್ಲಿ ಮಂಗಳೂರು ಇನ್ನೊಬ್ಬ ನಾಯಕಿಯನ್ನು ಕೊಟ್ಟಿತು. ದಲಿತರ ಮಕ್ಕಳಿಗಾಗಿ ಶಾಲೆ ತೆರೆದು, ಜಾತಿಯವರ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ. 1891ರಲ್ಲಿ ಹುಟ್ಟಿದ ಇವರೂ ಬಾಲವಿಧವೆಯಾದವರು. ಇವರನ್ನೂ ಓದಿಸಿದ್ದು ಮನೆಯವರ ಧೈರ್ಯ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜುಗಳಲ್ಲಿ ಓದಿದರು. ಮುಂದೆ ಮದರಾಸು ಪ್ರಾಂತದ ಪ್ರಧಾನಿಯಾದ ಡಾ. ಪಿ. ಸುಬ್ಬರಾಯನ್ ಅವರನ್ನು ಜಾತಿಯ ಗಡಿ ದಾಟಿ ಮದುವೆಯಾದರು.

1930ರಲ್ಲಿ ಲಂಡನ್ನಿನ ಮೊದಲ ದುಂಡು ಮೇಜಿನ ಪರಿಷತ್ತಿಗೆ ಭಾರತದ ಹೆಂಗಸರ ಪರವಾಗಿ ಹೋದವರು ಇಬ್ಬರೇ: ಬೇಗಂ ಶಾಹ್ ನವಾಜ್ ಮತ್ತು ರಾಧಾಬಾಯಿ ಸುಬ್ಬರಾಯನ್. ಶಾಸನ ಸಭೆಗಳಲ್ಲಿ ಸದ್ಯಕ್ಕಾದರೂ ಹೆಂಗಸರಿಗೆ ಕೆಲವು ಸ್ಥಾನ ಮೀಸಲಿಡಿ, ಇಲ್ಲವಾದರೆ ಗಂಡಸರು ಒಳಗೆ ಬಿಡುವುದಿಲ್ಲ ಎಂದು ಅವರು ಕೇಳಿದರು. ಕಮಲಾದೇವಿ ಕಟ್ಟಿ ಬೆಳೆಸಿದ ಮಹಿಳಾ ಪರಿಷತ್ತು ಇದನ್ನು ಒಪ್ಪಲಿಲ್ಲ. ಬೇಕಾದದ್ದು ಎಲ್ಲ ವಯಸ್ಕರಿಗೂ ಮತದಾನದ ಹಕ್ಕು, ಸಮಾನ ಸ್ಪರ್ಧೆ. ಭಿಕ್ಷೆಯ ಸ್ಥಾನ ಬೇಡ ಎಂಬುದು ಅದರ ನಿಲುವು.

ಯಾರು ಸರಿ? ಚರಿತ್ರೆ ಇಬ್ಬರ ಮಾತನ್ನೂ ಅಷ್ಟಿಷ್ಟು ನಿಜ ಮಾಡಿದೆ. ವಯಸ್ಕರೆಲ್ಲರಿಗೂ ಮತದಾನವನ್ನು ಸಂವಿಧಾನ ಕೊಟ್ಟಿತು. ರಾಧಾಬಾಯಿ 1938ರಲ್ಲಿ ಕೇಂದ್ರದ ಮೇಲ್ಮನೆಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಆದರೆ ಮತದ ಹಕ್ಕು ಸಿಕ್ಕ ಮಾತ್ರಕ್ಕೆ ಪಕ್ಷಗಳು ಹೆಂಗಸರಿಗೆ ಟಿಕೇಟು ಕೊಡಲಿಲ್ಲ. ಕರ್ನಾಟಕ 1987ರ ಮಂಡಲ ಪಂಚಾಯತು, ಜಿಲ್ಲಾ ಪರಿಷತ್ತು ಚುನಾವಣೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು; ಬಳಿಕ ಸಂವಿಧಾನದ ತಿದ್ದುಪಡಿಯಿಂದ ಅದು ದೇಶಕ್ಕೆಲ್ಲ ಮೂರರಲ್ಲೊಂದು ಎಂದಾಯಿತು; ರಾಜ್ಯದ ಪಂಚಾಯತುಗಳಲ್ಲಿ ಮುಂದೆ ಅರ್ಧಕ್ಕೇರಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲೊಂದು ಸ್ಥಾನದ ಕಾನೂನು 2023ರಲ್ಲಿ ಬಂತು. ಆಫ್ರಿಕಾದ ಪುಟ್ಟ ದೇಶ ರುವಾಂಡ 2003ರ ಸಂವಿಧಾನದಲ್ಲಿ ಹೆಂಗಸರಿಗೆ ಕನಿಷ್ಠ ನೂರಕ್ಕೆ 30 ಸ್ಥಾನ ಎಂದು ಬರೆದುಕೊಂಡಿತು. 2008ರ ಚುನಾವಣೆಯ ಹೊತ್ತಿಗೆ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಹೆಂಗಸರೇ ಅರ್ಧಕ್ಕಿಂತ ಹೆಚ್ಚಾದರು. ಅಂದರೆ ರಾಧಾಬಾಯಿ ಕೇಳಿದ್ದು ಬಾಗಿಲು. ಕಮಲಾದೇವಿ ಕೇಳಿದ್ದು ಬಾಗಿಲಿನೊಳಗೆ ತಲೆ ಎತ್ತಿ ನಡೆಯುವ ಶಕ್ತಿ. ಮೀಸಲು ಸ್ಥಾನದಲ್ಲಿ ಹೆಂಡತಿಯನ್ನು ಗೆಲ್ಲಿಸಿ ಗಂಡನೇ ಆಡಳಿತ ನಡೆಸುವುದನ್ನು ಕಂಡವರಿಗೆ ಎರಡನೆಯದೂ ಯಾಕೆ ಬೇಕೆಂದು ಹೇಳಬೇಕಾಗಿಲ್ಲ.

ಕೈಕೆಲಸವೂ ವಿದ್ಯೆಯೇ

ಸ್ವಾತಂತ್ರ್ಯ ಬಂದ ಮೇಲೆ ಕಮಲಾದೇವಿ ಅಧಿಕಾರದ ರಾಜಕಾರಣದಿಂದ ದೂರ ಸರಿದರು. ದೇಶ ವಿಭಜನೆಯ ನಿರಾಶ್ರಿತರಿಗಾಗಿ ಸಹಕಾರ ಸಂಘ ಕಟ್ಟಿದರು. ದಿಲ್ಲಿ ಸಮೀಪದ ಫರೀದಾಬಾದ್ ನಗರ ಮೇಲೇಳುವಲ್ಲಿ ಆ ದುಡಿಮೆಯ ಪಾಲಿದೆ. 1952ರಿಂದ ಸುಮಾರು ಇಪ್ಪತ್ತು ವರ್ಷ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು. ಹಳ್ಳಿಹಳ್ಳಿ ತಿರುಗಿ ನೇಕಾರರು, ಕುಂಬಾರರು, ಕಸೂತಿಯ ಹೆಂಗಸರನ್ನು ಹುಡುಕಿ ಅವರ ಕೆಲಸಕ್ಕೆ ಮಾರುಕಟ್ಟೆ ದೊರಕಿಸಿದರು. ಇದು ಹೆಣ್ಣಿನ ವಿದ್ಯೆಯ ಮಾತಿನಿಂದ ಬೇರೆಯಾದದ್ದಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನ ಕೈಯಲ್ಲೂ ವಿದ್ಯೆ ಇದೆ, ಅದಕ್ಕೆ ಬೆಲೆ ಬಂದರೆ ಮನೆಯಲ್ಲಿ ಅವಳ ಮಾತಿಗೂ ಬೆಲೆ ಬರುತ್ತದೆ. ಜೀವನಾಂಶವನ್ನು ಬೇಡವೆಂದ ತಾಯಿಯ ಮಗಳಿಗೆ ಕೈಯಲ್ಲಿ ಸ್ವಂತದ ನಾಲ್ಕು ಕಾಸು ಇರುವುದರ ಅರ್ಥ ಚೆನ್ನಾಗಿ ಗೊತ್ತಿತ್ತು.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು, 85ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮನೆಯಲ್ಲಿ ಆಗಬೇಕಾದದ್ದು

ಈ ಕತೆಯಲ್ಲಿ ಪಾಲಕರ ಪಾಲು ಎಷ್ಟೆಂದು ಗಮನಿಸಬೇಕು. ಕಮಲಾದೇವಿಯ ಹಿಂದೆ ಗಿರಿಜಾಬಾಯಿ, ರಾಧಾಬಾಯಿಯ ಹಿಂದೆ ರಂಗರಾಯರು. ನಾಲ್ಕು ಜನ ಏನೆನ್ನುತ್ತಾರೋ ಎಂದು ಆ ಇಬ್ಬರು ಹೆದರಿದ್ದರೆ ಇಬ್ಬರು ಬಾಲವಿಧವೆಯರು ಎರಡು ಮನೆಗಳ ಮೂಲೆಯಲ್ಲಿ ಕುಳಿತು ಮುದುಕಿಯರಾಗುತ್ತಿದ್ದರು.

ಇಂದು ಹುಡುಗಿಯನ್ನು ಓದಿಸಲು ಅಷ್ಟು ಧೈರ್ಯ ಬೇಡ. ಆದರೆ ಶಾಲೆಯ ಸಂಸತ್ತಿನ ಚುನಾವಣೆಗೆ ನಿಲ್ಲುತ್ತೇನೆ ಎಂದು ಮಗಳು ಬಂದಾಗ 'ನಿನಗ್ಯಾಕೆ ಅದೆಲ್ಲ, ಓದು ಹಾಳಾದೀತು' ಎನ್ನುವ ಮನೆಗಳು ಎಷ್ಟಿಲ್ಲ? ಅದೇ ಮಾತು ಮಗನಿಗೆ ಬರುವುದು ಕಡಿಮೆ. ಬ್ಯಾಂಕಿನ ವ್ಯವಹಾರಕ್ಕೆ, ಜಾಗದ ದಾಖಲೆ ನೋಡಲು, ಪಂಚಾಯತು ಕಚೇರಿಗೆ ಅಪ್ಪ ಹೋಗುವಾಗ ಜತೆಗೆ ಹೋಗುವವನು ಮಗ. ಎಂಜಿನಿಯರಿಂಗ್ ಓದುವ ಮಗಳಿಗೆ ಮನೆಯ ಆರ್‌ಟಿಸಿ ಹೇಗಿದೆಯೆಂದೂ ತಿಳಿದಿರುವುದಿಲ್ಲ. ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವುದು, ಸಂಘದ ಲೆಕ್ಕ ಬರೆಯುವುದು, ನಿಂತು ಸೋಲುವುದು, ಸೋತು ಮತ್ತೆ ನಿಲ್ಲುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅವನ್ನು ಮಾಡಿಯೇ ಕಲಿಯಬೇಕು. ಮಾಡಲು ಮನೆಯವರು ಬಿಡಬೇಕು.

ವಿದ್ಯಾರ್ಥಿನಿಯರಿಗೂ ಒಂದು ಮಾತು. ಕಮಲಾದೇವಿಯಂತೆ ಸೆರೆಮನೆಗೆ ಹೋಗಬೇಕಾಗಿಲ್ಲ. ಮುಂದಿನ ಬಾರಿ ತರಗತಿಯಲ್ಲಿ ನಾಯಕಿ ಯಾರಾಗುತ್ತೀರಿ ಎಂದು ಕೇಳಿದಾಗ ಪಕ್ಕದವಳ ಮುಖ ನೋಡದೆ ಕೈ ಎತ್ತಿದರೆ ಸಾಕು. ಅಷ್ಟು ಕೈಗಳು ಮೇಲೆದ್ದ ಊರಿನಲ್ಲಿ, ಚುನಾವಣೆಯ ಹೊತ್ತಿಗೆ ಉಮೇದುವಾರಳಾಗಲು ಹೆಂಗಸರೇ ಸಿಗುವುದಿಲ್ಲ ಎಂಬ ನೆಪ ಯಾರ ಬಾಯಲ್ಲೂ ನಿಲ್ಲಲಾರದು.